ಅಣ್ಣಾದೊರೈ: ಸೋತರೂ ಕೋಟೆಯ ಬಾಗಿಲು ಬಿಡದವರು

ಎಂಜಿನಿಯರಿಂಗ್ ಓದುವ ನಮ್ಮಲ್ಲಿ ಅಣ್ಣಾ ಯೂನಿವರ್ಸಿಟಿಯ ಹೆಸರು ಕೇಳದವರು ಕಡಿಮೆ. ಇಂಟರ್ನಲ್ಸ್ ಹತ್ತಿರ ಬಂದಾಗ ಅಲ್ಲಿನ ನೋಟ್ಸ್, ಅಲ್ಲಿನ ಹಳೆಯ ಪ್ರಶ್ನೆಪತ್ರಿಕೆಗಳು ನಮ್ಮ ಮೊಬೈಲ್‌ಗಳಲ್ಲಿ ಓಡಾಡುತ್ತವೆ. ಆದರೆ ಆ ಅಣ್ಣಾ ಯಾರು ಎಂದು ಕೇಳಿದರೆ, ತಮಿಳುನಾಡಿನ ಯಾರೋ ಹಳೆಯ ಮುಖ್ಯಮಂತ್ರಿ ಎಂಬಲ್ಲಿಗೆ ನಮ್ಮ ಉತ್ತರ ನಿಲ್ಲುತ್ತದೆ. ಅವರು ಮುಖ್ಯಮಂತ್ರಿಯಾಗಿದ್ದು ಎರಡು ವರ್ಷಕ್ಕಿಂತ ಕಡಿಮೆ. ಅದಕ್ಕೂ ಮೊದಲಿನ ಹದಿನೇಳು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ಕಾಂಗ್ರೆಸ್ಸಿನ ಭದ್ರಕೋಟೆ ಎನಿಸಿದ್ದ ಮದ್ರಾಸ್ ರಾಜ್ಯದಲ್ಲಿ, ಕೈಯಲ್ಲಿ ಹಣವಿಲ್ಲದ, ಸ್ವಾತಂತ್ರ್ಯ ತಂದುಕೊಟ್ಟ ಹೆಗ್ಗಳಿಕೆಯೂ ಇಲ್ಲದ ಒಂದು ಹೊಸ ಪಕ್ಷಕ್ಕೆ ಜನರ ಬೆಂಬಲ ಕೇಳುವುದು.

ಇಂದು ತಮಿಳುನಾಡಿನಲ್ಲಿ ಎರಡು ದ್ರಾವಿಡ ಪಕ್ಷಗಳ ಬಲ ನೋಡಿದರೆ ಅಲ್ಲಿ ಕಾಂಗ್ರೆಸ್ ಒಂದು ಕಾಲದಲ್ಲಿ ಅಷ್ಟು ಗಟ್ಟಿಯಾಗಿತ್ತು ಎಂದು ನಂಬುವುದೇ ಕಷ್ಟ. 1957ರಲ್ಲಿ ಅಲ್ಲಿನ ವಿಧಾನಸಭೆಯ 205 ಸ್ಥಾನಗಳಲ್ಲಿ 151 ಕಾಂಗ್ರೆಸ್ಸಿನವು. 1962ರಲ್ಲಿ 206ರಲ್ಲಿ 139. ಆ 1962ರ ಚುನಾವಣೆಯಲ್ಲಿ ಒಂದು ವಿಚಿತ್ರ ನಡೆಯಿತು. ಅಣ್ಣಾದೊರೈ ಅವರ ಪಕ್ಷ 15 ಸ್ಥಾನದಿಂದ 50ಕ್ಕೆ ಏರಿತು. ಆದರೆ ಅಣ್ಣಾದೊರೈ ತಾವು ಹುಟ್ಟಿ ಬೆಳೆದ ಕಾಂಚೀಪುರದಲ್ಲೇ ಸೋತರು. ಆ ಸೋಲಿನ ನಂತರ ಅವರು ಏನು ಮಾಡಿದರು ಎಂಬುದರಲ್ಲಿ ಅವರ ಜೀವನದ ಸಾರವೆಲ್ಲ ಇದೆ ಎಂದು ನನಗೆ ಅನ್ನಿಸುತ್ತದೆ.

ನೇಕಾರರ ಮನೆಯ ಹುಡುಗ

ಕಾಂಜೀವರಂ ನಟರಾಜನ್ ಅಣ್ಣಾದೊರೈ ಹುಟ್ಟಿದ್ದು 1909ರ ಸೆಪ್ಟೆಂಬರ್ 15ರಂದು. ನೇಕಾರ ಸಮುದಾಯದ, ಅನುಕೂಲವಿಲ್ಲದ ಕುಟುಂಬ. ಅವರನ್ನು ಸಾಕಿ ಬೆಳೆಸಿದವರು ಬಂಧುವಾದ ರಾಜಾಮಣಿ ಅಮ್ಮಾಳ್. ಮನೆಯ ಕಷ್ಟಕ್ಕಾಗಿ ಹುಡುಗ ನಡುವೆ ಓದು ಬಿಟ್ಟು ಊರಿನ ಪುರಸಭೆ ಕಚೇರಿಯಲ್ಲಿ ಗುಮಾಸ್ತನಾಗಿ ದುಡಿದದ್ದೂ ಉಂಟು. ಆಮೇಲೆ ಮತ್ತೆ ಓದಿಗೆ ಮರಳಿ, ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜು ಸೇರಿ, ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರದಲ್ಲಿ ಬಿ.ಎ. ಆನರ್ಸ್ ಮುಗಿಸಿದರು. ಕಾಲೇಜಿನಲ್ಲಿರುವಾಗಲೇ ರಾಣಿ ಅವರೊಂದಿಗೆ ಮದುವೆಯಾಗಿತ್ತು.

ಆ ಕಾಲದಲ್ಲಿ ಆನರ್ಸ್ ಪದವಿ ಇದ್ದವನಿಗೆ ಸರ್ಕಾರಿ ನೌಕರಿ ಅಷ್ಟೇನೂ ದೂರವಿರಲಿಲ್ಲ. ಅಣ್ಣಾ ಸ್ವಲ್ಪ ಕಾಲ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದರು, ಬಿಟ್ಟರು. ಪತ್ರಿಕೆಗಳಲ್ಲಿ ಕೆಲಸ ಮಾಡಿದರು. 1934ರಲ್ಲಿ ತಿರುಪ್ಪೂರಿನ ಯುವಕರ ಸಮ್ಮೇಳನದಲ್ಲಿ ಪೆರಿಯಾರ್ ಇ.ವಿ. ರಾಮಸ್ವಾಮಿ ಅವರನ್ನು ಕಂಡ ಮೇಲೆ ಅವರ ದಾರಿ ನಿಶ್ಚಯವಾಯಿತು. ಜಾತಿಯ ಮೇಲುಕೀಳು, ಮೂಢನಂಬಿಕೆ ಇವುಗಳ ವಿರುದ್ಧ ಪೆರಿಯಾರರು ನಡೆಸುತ್ತಿದ್ದ ಸ್ವಾಭಿಮಾನ ಚಳವಳಿಗೆ ಒಬ್ಬ ಒಳ್ಳೆಯ ಬರಹಗಾರ, ಅದಕ್ಕಿಂತ ಒಳ್ಳೆಯ ಮಾತುಗಾರ ಸಿಕ್ಕಿದ.

ಅಣ್ಣಾ ಅವರ ಮೊದಲ ಚುನಾವಣೆಯೂ ಸೋಲೇ. 1930ರ ದಶಕದ ಮಧ್ಯದಲ್ಲಿ ಜಸ್ಟಿಸ್ ಪಕ್ಷದಿಂದ ಮದ್ರಾಸ್ ಕಾರ್ಪೊರೇಷನ್‌ಗೆ ಸ್ಪರ್ಧಿಸಿ ಸೋತರು. 1937ರಲ್ಲಿ ಮದ್ರಾಸ್ ಪ್ರಾಂತ್ಯದ ಚುನಾವಣೆ ನಡೆದಾಗ ಜಸ್ಟಿಸ್ ಪಕ್ಷವೇ ನೆಲಕಚ್ಚಿತು. 215 ಸ್ಥಾನಗಳಲ್ಲಿ 159 ಕಾಂಗ್ರೆಸ್ಸಿಗೆ. ನಮ್ಮ ದಕ್ಷಿಣ ಕನ್ನಡ, ಬಳ್ಳಾರಿಗಳೂ ಆಗ ಅದೇ ಪ್ರಾಂತ್ಯದಲ್ಲಿದ್ದವು. ಕಾಂಗ್ರೆಸ್ಸಿನ ಕೋಟೆ ಕಟ್ಟಿಕೊಂಡದ್ದು ಹೀಗೆ. ಖಾದಿ, ಗಾಂಧಿ, ಜೈಲುವಾಸ ಎಲ್ಲವೂ ಆ ಪಕ್ಷದ ಕಡೆಗಿದ್ದವು. ಜಸ್ಟಿಸ್ ಪಕ್ಷದ ಕಡೆಗೆ ಜಮೀನ್ದಾರರು, ಬ್ರಿಟಿಷರು ಕೊಟ್ಟ ಬಿರುದುಗಳು.

1938ರಲ್ಲಿ ಪ್ರಾಂತ್ಯದ ಪ್ರಧಾನಿಯಾಗಿದ್ದ ರಾಜಾಜಿ ಪ್ರೌಢಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಿದರು. ವಿರೋಧಿಸಿ ಜೈಲಿಗೆ ಹೋದವರಲ್ಲಿ ಅಣ್ಣಾ ಒಬ್ಬರು. 1940ರಲ್ಲಿ ಆ ಆದೇಶ ರದ್ದಾಯಿತು. ರಾಜಾಜಿಯವರ ಹೆಸರನ್ನು ಇಲ್ಲಿ ನೆನಪಿಟ್ಟುಕೊಳ್ಳಿ, ಮುಂದೆ ಅವರು ಬೇರೆಯೇ ವೇಷದಲ್ಲಿ ಮರಳಿ ಬರುತ್ತಾರೆ.

ಬಿರುದು ಹೊತ್ತವರ ಪಕ್ಷಕ್ಕೆ ಜನ ಮತ ಹಾಕುವುದಿಲ್ಲ ಎಂಬುದು ಅಣ್ಣಾ ಅವರಿಗೆ ಅರ್ಥವಾಗಿತ್ತು. 1944ರಲ್ಲಿ ಸೇಲಂ ಸಮ್ಮೇಳನದಲ್ಲಿ ಅವರೇ ಮಂಡಿಸಿದ ನಿರ್ಣಯದಿಂದ ಜಸ್ಟಿಸ್ ಪಕ್ಷ ದ್ರಾವಿಡರ್ ಕಳಗಂ ಎಂದು ಹೆಸರು ಬದಲಿಸಿಕೊಂಡಿತು. ಬ್ರಿಟಿಷರ ಬಿರುದುಗಳನ್ನು ಬಿಡಬೇಕು ಎಂಬುದೂ ಆ ನಿರ್ಣಯದಲ್ಲಿತ್ತು.

ಗುರುವಿನಿಂದ ದೂರ

1947ರ ಆಗಸ್ಟ್ 15 ಬಂದಾಗ ಪೆರಿಯಾರರು ಅದನ್ನು ಶೋಕದಿನವಾಗಿ ಆಚರಿಸಲು ಕರೆ ಕೊಟ್ಟರು. ಅಣ್ಣಾ ಒಪ್ಪಲಿಲ್ಲ. ಸ್ವಾತಂತ್ರ್ಯ ಒಂದು ಪಕ್ಷದ ಸ್ವತ್ತಲ್ಲ, ಎಲ್ಲರಿಗೂ ಸೇರಿದ್ದು ಎಂಬುದು ಅವರ ನಿಲುವು. ಅದನ್ನು ಬಹಿರಂಗವಾಗಿಯೇ ಬರೆದರು. 1949ರಲ್ಲಿ ಪೆರಿಯಾರರು ವಯಸ್ಸಿನಲ್ಲಿ ತಮಗಿಂತ ಬಹಳ ಚಿಕ್ಕವರಾದ ಮಣಿಯಮ್ಮೈ ಅವರನ್ನು ಮದುವೆಯಾದಾಗ ಸಂಘಟನೆಯೊಳಗಿನ ಬಿರುಕು ಪೂರ್ತಿ ತೆರೆದುಕೊಂಡಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ಮದ್ರಾಸಿನ ರಾಯಪುರಂನ ರಾಬಿನ್ಸನ್ ಪಾರ್ಕಿನಲ್ಲಿ, ಮಳೆಯ ನಡುವೆ, ದ್ರಾವಿಡ ಮುನ್ನೇತ್ರ ಕಳಗಂ ಅಂದರೆ ಡಿಎಂಕೆ ಹುಟ್ಟಿತು. ಪಕ್ಷದ ಅಧ್ಯಕ್ಷ ಸ್ಥಾನ ಪೆರಿಯಾರರಿಗೇ ಮೀಸಲು ಎಂದು ಅದನ್ನು ಖಾಲಿ ಬಿಟ್ಟು, ಅಣ್ಣಾ ಪ್ರಧಾನ ಕಾರ್ಯದರ್ಶಿಯಾದರು. ಗುರುವಿನಿಂದ ದೂರವಾದರೂ ಗುರುವನ್ನು ಬೈಯುತ್ತಾ ಕೂರಲಿಲ್ಲ.

ಮೊದಲ ಮಹಾಚುನಾವಣೆಯಲ್ಲಿ, ಅಂದರೆ 1952ರಲ್ಲಿ, ಡಿಎಂಕೆ ಸ್ಪರ್ಧಿಸಲೇ ಇಲ್ಲ. ಹುಟ್ಟಿ ಎರಡೂವರೆ ವರ್ಷವಾಗಿದ್ದ ಪಕ್ಷಕ್ಕೆ ಆಗ ಬೇಕಾಗಿದ್ದು ಕೇಳಿಸಿಕೊಳ್ಳುವ ಕಿವಿಗಳು. ಮತ ಆಮೇಲಿನ ಮಾತು.

ಚಹಾ ಅಂಗಡಿ, ಕ್ಷೌರದಂಗಡಿ, ನಾಟಕ

ಇಲ್ಲಿಂದ ಮುಂದಿನ ಭಾಗ ನನಗೆ ತುಂಬ ಇಷ್ಟವಾದದ್ದು. ಆಳುವ ಪಕ್ಷದ ಕಡೆಗೆ ಊರಿನ ದೊಡ್ಡ ರೈತ, ಗಿರಣಿ ಮಾಲೀಕ, ಬಸ್ ಮಾಲೀಕ, ದೊಡ್ಡ ವ್ಯಾಪಾರಿ ಇರುತ್ತಾರೆ. ಚುನಾವಣೆ ಬಂದಾಗ ಅವರ ಮಾತು ನಡೆಯುತ್ತದೆ. ಅಂಥ ಊರಿಗೆ ವಿರೋಧ ಪಕ್ಷದವನು ಹೋದರೆ ಕೂರಲು ಜಗಲಿ ಎಲ್ಲಿದೆ?

ಡಿಎಂಕೆಯವರು ಕೂತದ್ದು ಚಹಾ ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಟೈಲರ್ ಅಂಗಡಿಯಲ್ಲಿ, ಸೈಕಲ್ ರಿಪೇರಿ ಅಂಗಡಿಯಲ್ಲಿ. ಅಲ್ಲಿಗೆ ಪಕ್ಷದ ಪತ್ರಿಕೆ ಬರುತ್ತಿತ್ತು. ಓದಲು ಬರುವ ಒಬ್ಬ ಗಟ್ಟಿಯಾಗಿ ಓದುತ್ತಿದ್ದ, ಓದಲು ಬಾರದ ಹತ್ತು ಜನ ಕೇಳುತ್ತಿದ್ದರು. ಊರೂರಲ್ಲಿ ಸಣ್ಣ ಸಣ್ಣ ವಾಚನಾಲಯಗಳು ಎದ್ದವು. ಅಣ್ಣಾ 1942ರಲ್ಲೇ ‘ದ್ರಾವಿಡ ನಾಡು’ ವಾರಪತ್ರಿಕೆ ಶುರುಮಾಡಿದ್ದರು. ಕರುಣಾನಿಧಿಯವರ ‘ಮುರಸೊಲಿ’ ಇತ್ತು. ಹೀಗೆ ಪಕ್ಷದ ಒಬ್ಬೊಬ್ಬ ನಾಯಕನೂ ಒಂದೊಂದು ಪತ್ರಿಕೆ ನಡೆಸಿದ. ಅಣ್ಣಾ ಕಾರ್ಯಕರ್ತರಿಗೆ ಬರೆದ ಬಹಿರಂಗ ಪತ್ರಗಳಲ್ಲಿ ಅವರನ್ನು ತಮ್ಮ ಎಂದು ಕರೆಯುತ್ತಿದ್ದರು. ಓದಿದ ಹುಡುಗರಿಗೆ ಅವರು ಸಹಜವಾಗಿಯೇ ಅಣ್ಣ. ಪಕ್ಷದಲ್ಲಿ ಸದಸ್ಯತ್ವದ ಚೀಟಿಗಿಂತ ಈ ಅಣ್ಣ ತಮ್ಮಂದಿರ ಸಂಬಂಧ ಗಟ್ಟಿಯಾಗಿತ್ತು.

ಇನ್ನೊಂದು ಸಾಧನ ನಾಟಕ. ಅಣ್ಣಾ ತಾವೇ ನಾಟಕ ಬರೆದರು, ತಾವೇ ಬಣ್ಣ ಹಚ್ಚಿದರು. ಶಿವಾಜಿಯ ಪಟ್ಟಾಭಿಷೇಕಕ್ಕೆ ಎದುರಾದ ಜಾತಿ ಅಡ್ಡಿಗಳ ಬಗ್ಗೆ ಅವರು ಬರೆದ ನಾಟಕದಲ್ಲಿ ಶಿವಾಜಿಯ ಪಾತ್ರ ಮಾಡಿದ ಯುವಕ ಗಣೇಶನ್‌ಗೆ ಪೆರಿಯಾರರು ಶಿವಾಜಿ ಎಂಬ ಹೆಸರು ಕೊಟ್ಟರು. ಅವರೇ ಮುಂದೆ ನಾವೆಲ್ಲ ಬಲ್ಲ ಶಿವಾಜಿ ಗಣೇಶನ್. 1949ರಲ್ಲಿ ‘ವೇಲೈಕ್ಕಾರಿ’, ‘ನಲ್ಲತಂಬಿ’ ಚಿತ್ರಗಳಿಗೆ ಅಣ್ಣಾ ಬರೆದರು. ಮನೆಗೆಲಸದ ಹೆಣ್ಣುಮಗಳು, ಸಾಲದಲ್ಲಿ ಮುಳುಗಿದ ಬಡವ, ದರ್ಪದ ಜಮೀನ್ದಾರ ತೆರೆಯ ಮೇಲೆ ಬಂದರು. ಊರಿನ ದೊಡ್ಡವರು ಪಕ್ಷದ ಸಭೆಗೆ ಹೋಗಬೇಡಿ ಎಂದು ಆಳುಗಳಿಗೆ ಹೇಳಬಹುದಿತ್ತು. ಸಿನಿಮಾಕ್ಕೆ ಹೋಗಬೇಡಿ ಎಂದು ಹೇಳುವುದು ಹೇಗೆ?

ಅಣ್ಣಾ ನೋಡಲು ಕುಳ್ಳಗೆ. ಬಟ್ಟೆ ಬರೆ ಕಡೆ ಗಮನವಿಲ್ಲ, ನಶ್ಯದ ಅಭ್ಯಾಸ ಬೇರೆ. ಆದರೆ ಮಾತಿಗೆ ನಿಂತರೆ ತಮಿಳು ಪ್ರಾಸಗಳ ಜೊತೆ ವಿದೇಶದ ಇತಿಹಾಸ, ಅಕ್ಕಿಯ ಬೆಲೆ, ತಮಾಷೆ ಎಲ್ಲವೂ ಬರುತ್ತಿತ್ತು. ಅವರ ಭಾಷಣ ಕೇಳಲು ಜನ ರಾತ್ರಿ ಬಹಳ ಹೊತ್ತಿನವರೆಗೆ ಕಾಯುತ್ತಿದ್ದರು. 1953ರಲ್ಲಿ ಕೈಮಗ್ಗದ ಬಟ್ಟೆ ಮಾರಾಟವಾಗದೆ ನೇಕಾರರು ಹಸಿವಿಗೆ ಬಿದ್ದಾಗ ಡಿಎಂಕೆ ನಾಯಕರು ಬಟ್ಟೆಯ ಗಂಟು ಹೊತ್ತು ಬೀದಿಯಲ್ಲಿ ಮಾರಿದರು. ನೇಕಾರರ ಮನೆಯಿಂದ ಬಂದ ಅಣ್ಣಾ ಅವರಿಗೆ ಅದು ಬರೀ ಪ್ರಚಾರವಾಗಿರಲಾರದು.

ಎದುರಿಗೆ ಕಾಮರಾಜ್

ಈ ಕಥೆಯಲ್ಲಿ ಎದುರಾಳಿ ಕೆಟ್ಟವನಾಗಿದ್ದರೆ ಎಲ್ಲ ಸುಲಭವಾಗುತ್ತಿತ್ತು. ಆದರೆ 1954ರಿಂದ 1963ರವರೆಗೆ ಮುಖ್ಯಮಂತ್ರಿಯಾಗಿದ್ದವರು ಕೆ. ಕಾಮರಾಜ್. ವಿರುದುನಗರದ ಸಾಮಾನ್ಯ ಮನೆಯಿಂದ ಬಂದವರು, ಹೆಚ್ಚು ಓದಲು ಆಗದವರು, ವರ್ಷಗಟ್ಟಲೆ ಜೈಲಿನಲ್ಲಿದ್ದವರು, ಮದುವೆಯಾಗದವರು, ತಮಗಾಗಿ ಏನೂ ಕೂಡಿಡದವರು. ಹಳ್ಳಿ ಹಳ್ಳಿಯಲ್ಲಿ ಶಾಲೆ ತೆರೆಸಿದರು, ಶಾಲೆಯಲ್ಲಿ ಮಧ್ಯಾಹ್ನದ ಊಟ ಕೊಡಿಸಿದರು, ಅಣೆಕಟ್ಟು ಕಟ್ಟಿಸಿದರು, ಕಾರ್ಖಾನೆ ತಂದರು. ಪೆರಿಯಾರರೇ ಅವರ ಬೆಂಬಲಕ್ಕೆ ನಿಂತರು. ಅಂದರೆ ಅಣ್ಣಾ ಅವರ ಎದುರಿಗೆ ಆಳುವ ಪಕ್ಷ, ಒಳ್ಳೆಯ ಆಡಳಿತಗಾರ ಮತ್ತು ತಮ್ಮದೇ ಗುರು ಮೂವರೂ ಒಟ್ಟಿಗೆ ಇದ್ದರು.

1956ರಲ್ಲಿ ತಿರುಚ್ಚಿಯ ಸಮ್ಮೇಳನದಲ್ಲಿ ಚುನಾವಣೆಗೆ ಇಳಿಯಬೇಕೇ ಬೇಡವೇ ಎಂಬ ಪ್ರಶ್ನೆ ಬಂತು. ಅಣ್ಣಾ ತಾವೇ ತೀರ್ಮಾನ ಹೇಳಿ ಮುಗಿಸಬಹುದಿತ್ತು. ಬದಲಿಗೆ ಎರಡು ಪೆಟ್ಟಿಗೆ ಇಟ್ಟು ಬಂದವರಿಂದ ಮತ ಹಾಕಿಸಿದರು. ಇಳಿಯೋಣ ಎಂಬವರ ಸಂಖ್ಯೆ ಬಹಳ ಹೆಚ್ಚಿತ್ತು. ಮರುವರ್ಷ 15 ಜನ ವಿಧಾನಸಭೆಗೆ ಗೆದ್ದರು, ಕಾಂಚೀಪುರದಿಂದ ಅಣ್ಣಾ ಕೂಡ. 1959ರಲ್ಲಿ ಮದ್ರಾಸ್ ಕಾರ್ಪೊರೇಷನ್ ಡಿಎಂಕೆ ಕೈಗೆ ಬಂತು. ನಗರ ಒಲಿಯಿತು, ಹಳ್ಳಿ ಇನ್ನೂ ಬಾಕಿ.

ಕಾಮರಾಜರು ಇದನ್ನು ನೋಡಿ ಸುಮ್ಮನಿರುವವರಲ್ಲ. 1962ರಲ್ಲಿ ಡಿಎಂಕೆಯ ಆ 15 ಕ್ಷೇತ್ರಗಳ ಮೇಲೇ ಕಣ್ಣಿಟ್ಟು ಕೆಲಸ ಮಾಡಿದರು. ಕಾಂಚೀಪುರದಲ್ಲಿ ಒಬ್ಬ ಬಸ್ ಮಾಲೀಕರನ್ನು ನಿಲ್ಲಿಸಿದರು. ಹಿಂದಿನ ಬಾರಿ ಗೆದ್ದಿದ್ದ 15 ಜನರಲ್ಲಿ ಮತ್ತೆ ಗೆದ್ದವರು ಕರುಣಾನಿಧಿ ಒಬ್ಬರೇ, ಅದೂ ಕ್ಷೇತ್ರ ಬದಲಿಸಿ. ಅಣ್ಣಾ ಸೋತರು. ಆದರೆ ಕಾಂಗ್ರೆಸ್ ಹಳೆಯ 15 ಬಾಗಿಲು ಮುಚ್ಚುತ್ತಿರುವಾಗ ಡಿಎಂಕೆ ಬೇರೆ ಕಡೆ ಹಲವು ಬಾಗಿಲು ಹೊಸದಾಗಿ ತೆರೆದಿತ್ತು. ಹತ್ತು ವರ್ಷದ ಚಹಾ ಅಂಗಡಿಯ ಓದು ಯಾರ ಲೆಕ್ಕಕ್ಕೂ ಸಿಗದೆ ಊರೂರಿಗೆ ಹರಡಿತ್ತು.

ಬಿಟ್ಟುಕೊಟ್ಟದ್ದು

ಸೋತ ಅಣ್ಣಾ ರಾಜ್ಯಸಭೆಗೆ ಹೋದರು. ಅಲ್ಲಿ ತಮ್ಮ ಮೊದಲ ಭಾಷಣದಲ್ಲೇ ದಕ್ಷಿಣದ ದ್ರಾವಿಡರಿಗೆ ಪ್ರತ್ಯೇಕ ದೇಶ ಬೇಕು ಎಂಬ ಬೇಡಿಕೆ ಮಂಡಿಸಿದರು. ಆ ದ್ರಾವಿಡನಾಡಿನ ನಕ್ಷೆಯಲ್ಲಿ ಕನ್ನಡನಾಡು, ಆಂಧ್ರ, ಕೇರಳ ಎಲ್ಲವೂ ಸೇರಿದ್ದವು. ಆದರೆ ಕನ್ನಡಿಗರು, ತೆಲುಗರು, ಮಲಯಾಳಿಗಳು ಆ ಬೇಡಿಕೆಗೆ ಎಂದೂ ದನಿಗೂಡಿಸಿರಲಿಲ್ಲ. ಭಾಷಾವಾರು ರಾಜ್ಯಗಳಾದ ಮೇಲಂತೂ ನಮಗೆಲ್ಲ ನಮ್ಮ ನಮ್ಮ ರಾಜ್ಯವೇ ದೊಡ್ಡದಾಗಿತ್ತು.

ಅದೇ ವರ್ಷ ಅಕ್ಟೋಬರಿನಲ್ಲಿ ಚೀನಾ ಯುದ್ಧ ಬಂತು. ಬೆಲೆ ಏರಿಕೆ ವಿರುದ್ಧದ ಹೋರಾಟದಲ್ಲಿ ಜೈಲು ಸೇರಿದ್ದ ಅಣ್ಣಾ, ಹೊರಬಂದು ದೇಶದ ರಕ್ಷಣೆಗೆ ಬೆಂಬಲ ಕೊಟ್ಟರು. 1963ರಲ್ಲಿ ಸಂವಿಧಾನದ 16ನೇ ತಿದ್ದುಪಡಿ ಬಂದು, ಚುನಾವಣೆಗೆ ನಿಲ್ಲುವವರು ದೇಶದ ಅಖಂಡತೆಗೆ ಬದ್ಧ ಎಂದು ಪ್ರಮಾಣ ಮಾಡಬೇಕಾಯಿತು. ಡಿಎಂಕೆ ಪ್ರತ್ಯೇಕತೆಯ ಬೇಡಿಕೆಯನ್ನು ಕೈಬಿಟ್ಟಿತು.

ಇದು ಸೋಲೋ, ಜಾಣತನವೋ? ಎರಡೂ ಹೌದು ಎನ್ನಬಹುದು. ಹದಿನಾಲ್ಕು ವರ್ಷ ಆ ಘೋಷಣೆ ಕೂಗಿದ ಕಾರ್ಯಕರ್ತರಿಗೆ ಇನ್ನು ಮುಂದೆ ಅದು ಬೇಡ ಎಂದು ಹೇಳುವುದು ಸಣ್ಣ ಮಾತಲ್ಲ. ಆದರೆ ಪ್ರತ್ಯೇಕ ದೇಶ ಎಂಬ ಮಾತಿಗೆ ಹೆದರಿ ದೂರ ನಿಂತಿದ್ದ ಮತದಾರರು ಹತ್ತಿರ ಬಂದದ್ದು ಅದನ್ನು ಬಿಟ್ಟ ಮೇಲೆಯೇ. ಬೇಡಿಕೆಯ ಹಿಂದಿದ್ದ ಕಾರಣಗಳನ್ನು, ಅಂದರೆ ಭಾಷೆಯ ಗೌರವ, ರಾಜ್ಯಗಳ ಅಧಿಕಾರ, ದಕ್ಷಿಣಕ್ಕೆ ನ್ಯಾಯವಾದ ಪಾಲು ಇವುಗಳನ್ನು ಅಣ್ಣಾ ಬಿಡಲಿಲ್ಲ. ಅವುಗಳನ್ನು ಸಂವಿಧಾನದ ಒಳಗೇ ನಿಂತು ಕೇಳಿದರು. ಇಡೀ ಪಕ್ಷವನ್ನು ಒಡೆಯದೆ ಈ ತಿರುವಿನಲ್ಲಿ ಹೊರಳಿಸಿದ್ದು ಅವರ ಜೀವನದ ಅತ್ಯಂತ ಕಷ್ಟದ ಕೆಲಸ ಇರಬೇಕು.

ಭಾಷೆ ಮತ್ತು ಅಕ್ಕಿ

1963ರಲ್ಲಿ ಕಾಮರಾಜರು ಪಕ್ಷದ ಕೆಲಸಕ್ಕಾಗಿ ಮುಖ್ಯಮಂತ್ರಿ ಪದವಿ ಬಿಟ್ಟು ದೆಹಲಿಯತ್ತ ಹೋದರು. ಭಕ್ತವತ್ಸಲಂ ಮುಖ್ಯಮಂತ್ರಿಯಾದರು. ಕೋಟೆಯನ್ನು ದಿನನಿತ್ಯ ಕಾಯುತ್ತಿದ್ದವರೇ ದೂರವಾದಂತಾಯಿತು.

1965ರ ಜನವರಿ 26ರಿಂದ ಹಿಂದಿ ಕೇಂದ್ರದ ಅಧಿಕೃತ ಭಾಷೆಯಾಗಿ ಪೂರ್ಣವಾಗಿ ಜಾರಿಗೆ ಬರಬೇಕಿತ್ತು. ನಮ್ಮ ವಯಸ್ಸಿನ ಕಾಲೇಜು ಹುಡುಗರು ಆಗ ಬೀದಿಗಿಳಿದರು. ಅವರ ಭಯ ಬಹಳ ಪ್ರಾಯೋಗಿಕವಾಗಿತ್ತು. ನಾಳೆ ಕೇಂದ್ರದ ನೌಕರಿಯ ಪರೀಕ್ಷೆ ಹಿಂದಿಯಲ್ಲಿ ನಡೆದರೆ ನಮ್ಮ ಗತಿ ಏನು? ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಕನ್ನಡದ ಹುಡುಗ ಹುಡುಗಿಯರಿಗೆ ಈ ಪ್ರಶ್ನೆ ಇಂದಿಗೂ ಹೊಸದೇನಲ್ಲ. ಗಣರಾಜ್ಯೋತ್ಸವವನ್ನು ಶೋಕದಿನವಾಗಿ ಆಚರಿಸಲು ಕರೆ ಕೊಟ್ಟಿದ್ದ ಅಣ್ಣಾ ಬಂಧನಕ್ಕೊಳಗಾದರು. ಚಳವಳಿ ಪಕ್ಷದ ಹಿಡಿತ ಮೀರಿ ಬೆಳೆಯಿತು. ಗೋಲಿಬಾರಿನಲ್ಲಿ, ಗಲಭೆಗಳಲ್ಲಿ ಹತ್ತಾರು ಜೀವಗಳು ಹೋದವು. ಕೆಲವು ಯುವಕರು ತಮ್ಮ ಜೀವವನ್ನೇ ತೆಗೆದುಕೊಂಡರು. ಯಾವ ಗೆಲುವಿನ ಲೆಕ್ಕದಲ್ಲೂ ಆ ಜೀವಗಳನ್ನು ಲಾಭವೆಂದು ಬರೆಯಲಾಗದು. ಕೇಂದ್ರದಲ್ಲಿದ್ದ ಸಿ. ಸುಬ್ರಹ್ಮಣ್ಯಂ ಮತ್ತು ಓ.ವಿ. ಅಳಗೇಶನ್ ರಾಜೀನಾಮೆ ಕೊಡಲು ಮುಂದಾದರು. ಕೊನೆಗೆ ಪ್ರಧಾನಿ ಶಾಸ್ತ್ರಿಯವರು ಇಂಗ್ಲಿಷ್ ಮುಂದುವರಿಯುವ ಭರವಸೆ ನೀಡಬೇಕಾಯಿತು.

ಭಾಷೆಯ ಜೊತೆಗೆ ಅಕ್ಕಿಯ ಅಭಾವ ಬಂತು. 1965-66ರಲ್ಲಿ ದೇಶವೇ ಬರದಲ್ಲಿತ್ತು. ಅಂಗಡಿಯ ಮುಂದೆ ಸಾಲು ನಿಂತ ಹೆಂಗಸರಿಗೆ ಡಿಎಂಕೆ ಒಂದು ಭರವಸೆ ಕೊಟ್ಟಿತು. ರೂಪಾಯಿಗೆ ಮೂರು ಪಡಿ ಅಕ್ಕಿ ಕೊಡುವುದು ಗುರಿ, ಒಂದು ಪಡಿಯಂತೂ ಖಚಿತ ಎಂದು.

1967ರ ಲೆಕ್ಕ

1967ರ ಚುನಾವಣೆಗೆ ಅಣ್ಣಾ ಕಟ್ಟಿದ ಮೈತ್ರಿ ನೋಡಿ. ಬಲಪಂಥದ ಸ್ವತಂತ್ರ ಪಕ್ಷ, ಎಡಪಂಥದ ಮಾರ್ಕ್ಸ್‌ವಾದಿ ಕಮ್ಯುನಿಸ್ಟರು, ಮುಸ್ಲಿಂ ಲೀಗ್, ಸಮಾಜವಾದಿಗಳು. ಸ್ವತಂತ್ರ ಪಕ್ಷದ ನಾಯಕ ಯಾರು? 1938ರಲ್ಲಿ ಯಾರ ಸರ್ಕಾರ ಅಣ್ಣಾ ಅವರನ್ನು ಜೈಲಿಗೆ ಕಳಿಸಿತ್ತೋ ಅದೇ ರಾಜಾಜಿ. ಈಗ ಅವರು ಹಿಂದಿ ಹೇರಿಕೆಯ ವಿರೋಧಿ. ಅತ್ತ ಗುರು ಪೆರಿಯಾರ್ ಕಾಂಗ್ರೆಸ್ ಪರ ಪ್ರಚಾರದಲ್ಲಿದ್ದಾರೆ. ಜನವರಿ 12ರಂದು ನಟ ಎಂ.ಆರ್. ರಾಧಾ ಹಾರಿಸಿದ ಗುಂಡಿನಿಂದ ಎಂ.ಜಿ.ಆರ್. ಗಾಯಗೊಂಡು, ಕುತ್ತಿಗೆಗೆ ಬ್ಯಾಂಡೇಜ್ ಹಾಕಿದ ಅವರ ಚಿತ್ರ ಊರೂರ ಗೋಡೆಗಳ ಮೇಲೆ ಬಂತು.

ಫಲಿತಾಂಶ ಬಂದಾಗ 234 ಸ್ಥಾನಗಳಲ್ಲಿ ಡಿಎಂಕೆ ಒಂದೇ 137 ಗೆದ್ದಿತ್ತು. ಕಾಂಗ್ರೆಸ್ ಐವತ್ತರ ಆಸುಪಾಸಿಗೆ ಇಳಿದಿತ್ತು. ಲೋಕಸಭೆಗೆ ಡಿಎಂಕೆ ನಿಲ್ಲಿಸಿದ 25 ಜನರೂ ಗೆದ್ದರು. ಮುಖ್ಯಮಂತ್ರಿ ಭಕ್ತವತ್ಸಲಂ ಸೋತರು. ಎಲ್ಲಕ್ಕಿಂತ ದೊಡ್ಡ ಸುದ್ದಿ ವಿರುದುನಗರದ್ದು. ಅಲ್ಲಿ ಕಾಮರಾಜರನ್ನು 1965ರ ಚಳವಳಿಯ ವಿದ್ಯಾರ್ಥಿ ನಾಯಕ ಪಿ. ಶ್ರೀನಿವಾಸನ್ ಸುಮಾರು 1,300 ಮತಗಳಿಂದ ಸೋಲಿಸಿದರು.

ಈಗ ಎಂಜಿನಿಯರಿಂಗ್ ವಿದ್ಯಾರ್ಥಿಯ ಬುದ್ಧಿಯಿಂದ ಸ್ವಲ್ಪ ಅಂಕಿಗಳ ಒಳಗೆ ಇಳಿಯೋಣ. 1962ರಲ್ಲಿ ಕಾಂಗ್ರೆಸ್ಸಿಗೆ ಬಿದ್ದದ್ದು ಶೇ 46ರಷ್ಟು ಮತ, ಡಿಎಂಕೆಗೆ ಶೇ 27. 1967ರಲ್ಲಿ ಇಬ್ಬರಿಗೂ ಸರಿಸುಮಾರು ಶೇ 41. ಅಂದರೆ ಕೋಟೆಯಿಂದ ಹೊರಬಂದವರು ನೂರಕ್ಕೆ ಐದು ಜನ ಮಾತ್ರ! ಅದಕ್ಕೂ ಮೊದಲು ಕಾಂಗ್ರೆಸ್ಸಿಗೆ ಮತ ಹಾಕದವರು ಅರ್ಧಕ್ಕಿಂತ ಹೆಚ್ಚು ಇದ್ದರು, ಆದರೆ ಹತ್ತು ಕಡೆ ಹಂಚಿಹೋಗಿದ್ದರು. ಅಣ್ಣಾ ಮಾಡಿದ್ದು ಎರಡು ಕೆಲಸ. ಆ ಐದು ಜನರನ್ನು ಹೊರಗೆ ಕರೆದರು, ಮೊದಲೇ ಹೊರಗಿದ್ದ ಉಳಿದವರನ್ನು ಒಂದೇ ಕಡೆ ನಿಲ್ಲಿಸಿದರು. ತಮ್ಮ ಪಕ್ಷಕ್ಕೆ 174ರಷ್ಟು ಕ್ಷೇತ್ರ ಇಟ್ಟುಕೊಂಡು ಉಳಿದವನ್ನು ಗೆಳೆಯರಿಗೆ ಬಿಟ್ಟುಕೊಟ್ಟರು. ಕೋಟೆ ಎಂದು ನಾವು ಹೊರಗಿನಿಂದ ನೋಡಿ ಹೆದರುವ ಎಷ್ಟೋ ಜಾಗಗಳಲ್ಲಿ ಒಳಗಿರುವವರಿಗಿಂತ ಹೊರಗಿರುವವರೇ ಹೆಚ್ಚು ಎಂಬುದು ಈ ಅಂಕಿಗಳಿಂದ ಕಾಣುತ್ತದೆ. ಆದರೆ ಚದುರಿದವರನ್ನು ಸೇರಿಸಬೇಕಾದರೆ ಹಳೆಯ ಜಗಳ ಮರೆಯುವ ಮನಸ್ಸು ಬೇಕು. ರಾಜಾಜಿಯವರ ಕೈ ಹಿಡಿದ ಅಣ್ಣಾ ಅವರಲ್ಲಿ ಅದು ಇತ್ತು.

ಕಾಮರಾಜರ ಸೋಲಿಗೆ ಅಣ್ಣಾ ಸಂಭ್ರಮಿಸಲಿಲ್ಲ, ಅಂಥವರು ಸೋಲಬಾರದಿತ್ತು ಎಂದು ನೊಂದುಕೊಂಡರು ಎಂಬುದನ್ನು ಅವರ ಜೊತೆಗಿದ್ದವರು ನೆನೆದಿದ್ದಾರೆ. ಗೆದ್ದ ಮೇಲೆ ತಮ್ಮ ವಿರುದ್ಧ ಪ್ರಚಾರ ಮಾಡಿದ್ದ ಪೆರಿಯಾರರನ್ನು ಹುಡುಕಿಕೊಂಡು ತಿರುಚ್ಚಿಗೆ ಹೋಗಿ ಆಶೀರ್ವಾದ ಬೇಡಿದರು. ಹದಿನೆಂಟು ವರ್ಷ ಖಾಲಿ ಬಿಟ್ಟಿದ್ದ ಕುರ್ಚಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಬೇಕು?

ಅಧಿಕಾರದ ಎರಡು ವರ್ಷ

1967ರ ಮಾರ್ಚ್ 6ರಂದು ಅಣ್ಣಾ ಮುಖ್ಯಮಂತ್ರಿಯಾದರು. ವಿರೋಧ ಪಕ್ಷದಲ್ಲಿ ಕೂತು ಹೇಳಿದ್ದನ್ನು ಖಜಾನೆಯ ಮುಂದೆ ನಿಂತು ಮಾಡುವುದು ಎಷ್ಟು ಕಷ್ಟ ಎಂಬುದು ಬೇಗ ಗೊತ್ತಾಯಿತು. ರೂಪಾಯಿಗೆ ಒಂದು ಪಡಿ ಅಕ್ಕಿಯನ್ನು ಮದ್ರಾಸ್, ಕೊಯಮತ್ತೂರುಗಳಲ್ಲಿ ಕೊಡಲು ಶುರುಮಾಡಿದರು. ಇಡೀ ರಾಜ್ಯಕ್ಕೆ ಕೊಡಲು ಹಣ ಸಾಲಲಿಲ್ಲ. ಮೂರು ಪಡಿಯ ಗುರಿ ಗುರಿಯಾಗಿಯೇ ಉಳಿಯಿತು.

ಆದರೆ ಹಣ ಬೇಡದ, ಧೈರ್ಯ ಬೇಕಾದ ಕೆಲಸಗಳನ್ನು ಅವರು ಮಾಡಿದರು. ಪುರೋಹಿತರಿಲ್ಲದೆ ನಡೆಯುವ ಸ್ವಾಭಿಮಾನ ಮದುವೆಗಳಿಗೆ ಕಾನೂನಿನ ಮಾನ್ಯತೆ ಕೊಟ್ಟರು. ಮೊದಲೇ ಹಾಗೆ ಮದುವೆಯಾಗಿದ್ದ ದಂಪತಿಗಳಿಗೂ ಅದು ಅನ್ವಯಿಸಿತು. 1968ರಲ್ಲಿ ಶಾಲೆಗಳಲ್ಲಿ ತಮಿಳು ಮತ್ತು ಇಂಗ್ಲಿಷ್ ಎಂಬ ದ್ವಿಭಾಷಾ ಸೂತ್ರ ತಂದರು. ಮದ್ರಾಸ್ ರಾಜ್ಯಕ್ಕೆ ತಮಿಳುನಾಡು ಎಂಬ ಹೆಸರು ಬೇಕೆಂದು ವಿಧಾನಸಭೆ ನಿರ್ಣಯ ಮಾಡಿತು. 1969ರ ಜನವರಿ 14ರ ಪೊಂಗಲ್ ದಿನ ಆ ಹೆಸರು ಜಾರಿಗೆ ಬಂತು.

ಅವರ ಕಾಲದ ಒಂದು ಕಪ್ಪು ಕಲೆಯನ್ನೂ ಹೇಳದಿದ್ದರೆ ಈ ಬರಹ ಅಪೂರ್ಣ. 1968ರ ಡಿಸೆಂಬರ್ 25ರಂದು ತಂಜಾವೂರು ಜಿಲ್ಲೆಯ ಕೀಳ್ವೆಣ್ಮಣಿಯಲ್ಲಿ ಹೆಚ್ಚು ಕೂಲಿ ಕೇಳಿದ ದಲಿತ ಕೂಲಿಕಾರರ ಕೇರಿಯ ಮೇಲೆ ಭೂಮಾಲೀಕರ ಕಡೆಯವರು ದಾಳಿ ಮಾಡಿದರು. ಗುಡಿಸಲಿನಲ್ಲಿ ಅವಿತಿದ್ದ 44 ಜನ, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು, ಬೆಂಕಿಗೆ ಬಲಿಯಾದರು. ಜಾತಿಯ ವಿರುದ್ಧ ಹುಟ್ಟಿದ ಚಳವಳಿಯ ಸರ್ಕಾರ ಇದ್ದಾಗಲೇ ಇದು ನಡೆಯಿತು. ಕಾಂಗ್ರೆಸ್ಸಿನ ಕೋಟೆ ಬಿದ್ದರೂ ಜಮೀನು ಮತ್ತು ಜಾತಿಯ ಕೋಟೆ ಹಾಗೇ ನಿಂತಿತ್ತು.

ಅಷ್ಟರಲ್ಲಿ ಅಣ್ಣಾ ಅವರ ದೇಹ ಸೋಲುತ್ತಿತ್ತು. 1968ರಲ್ಲಿ ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ನಡೆಯಿತು. ಮರಳಿ ಬಂದು ಮತ್ತೆ ಕೆಲಸಕ್ಕೆ ಇಳಿದರು. ರಾಜ್ಯಕ್ಕೆ ಹೊಸ ಹೆಸರು ಬಂದು ಮೂರು ವಾರ ತುಂಬುವ ಮೊದಲೇ, 1969ರ ಫೆಬ್ರುವರಿ 3ರಂದು ತೀರಿಕೊಂಡರು. ಆಗ ಅವರಿಗೆ 59. ಅಂತಿಮಯಾತ್ರೆಗೆ ಲಕ್ಷಾಂತರ ಜನ ಬಂದರು. ಆ ಜನಸಾಗರದ ಗಾತ್ರ ಗಿನ್ನೆಸ್ ದಾಖಲೆಯ ಪುಸ್ತಕವನ್ನೂ ಸೇರಿತು. ಮದ್ರಾಸಿನ ಮರೀನಾ ಕಡಲತೀರದಲ್ಲಿ ಅವರ ಸಮಾಧಿ ಇದೆ.

ನಮಗೇನು?

ಅಣ್ಣಾ ಅವರ ಎಲ್ಲ ನಿಲುವುಗಳನ್ನು ನಾವು ಒಪ್ಪಬೇಕಿಲ್ಲ. ಅವರ ನಂತರದ ದ್ರಾವಿಡ ರಾಜಕೀಯದ ಬಗ್ಗೆಯೂ ಬೇಕಾದಷ್ಟು ತಕರಾರು ತೆಗೆಯಬಹುದು. ಜಗಲಿಯಿಲ್ಲದ ಪಕ್ಷ ಅಧಿಕಾರಕ್ಕೆ ಬಂದು ತಾನೇ ದೊಡ್ಡ ಬಂಗಲೆಯಾಯಿತು ಎಂಬ ಟೀಕೆಯಲ್ಲಿ ಸತ್ಯವಿದೆ. ಆದರೆ ಕಾಂಗ್ರೆಸ್ ಅಲ್ಲಿ ಮತ್ತೆಂದೂ ಸ್ವಂತ ಸರ್ಕಾರ ಮಾಡಲಿಲ್ಲ ಎಂಬುದೂ ಸತ್ಯ. ಒಂದು ಚುನಾವಣೆಯ ಅಲೆಯಿಂದ ಬಿದ್ದ ಕೋಟೆಯಾಗಿದ್ದರೆ ಐದು ವರ್ಷದಲ್ಲಿ ಮತ್ತೆ ಎದ್ದು ನಿಲ್ಲುತ್ತಿತ್ತು. ಇದು ಹಾಗೆ ಬಿದ್ದದ್ದಲ್ಲ.

ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಹೆಸರು ಬಾರದವರು, ಕೆಎಎಸ್, ಪಿಎಸ್‌ಐ, ಬ್ಯಾಂಕ್ ಪರೀಕ್ಷೆಗಳನ್ನು ಎರಡನೇ ಮೂರನೇ ಸಲ ಬರೆಯುತ್ತಿರುವವರು ಈ ಪುಟ ಓದುತ್ತಿರುತ್ತೀರಿ. ಪ್ರಯತ್ನ ಬಿಡಬೇಡಿ ಎಂದು ನಿಮಗೆ ಎಲ್ಲರೂ ಹೇಳುತ್ತಾರೆ. ಅಣ್ಣಾ ಅವರ ಬದುಕು ಅದಕ್ಕಿಂತ ಸ್ವಲ್ಪ ಹೆಚ್ಚಿನದನ್ನು ಹೇಳುತ್ತದೆ. ಅವರು ಪ್ರಯತ್ನ ಬಿಡಲಿಲ್ಲ ನಿಜ, ಆದರೆ ಪ್ರತಿ ಸಲವೂ ಅದೇ ಪ್ರಯತ್ನವನ್ನು ಮಾಡಲಿಲ್ಲ. ಹೆಸರು ಬದಲಿಸಬೇಕಾದಾಗ ಬದಲಿಸಿದರು, ಚುನಾವಣೆಗೆ ನಿಲ್ಲಬಾರದ ವರ್ಷ ನಿಲ್ಲಲಿಲ್ಲ, ಬಿಡಬೇಕಾದ ಬೇಡಿಕೆಯನ್ನು ಬಿಟ್ಟರು, ಕೂಡಬೇಕಾದವರ ಜೊತೆ ಕೂಡಿದರು. ಬದಲಾಗದೆ ಉಳಿದದ್ದು ದಿನದಿನದ ಕೆಲಸ ಮಾತ್ರ. ಬರೆಯುವುದು, ಮಾತಾಡುವುದು, ಊರಿಂದ ಊರಿಗೆ ಹೋಗುವುದು.

ಮುಂದಿನ ಸಲ ಅಣ್ಣಾ ಯೂನಿವರ್ಸಿಟಿಯ ನೋಟ್ಸ್ ತೆರೆದಾಗ ಆ ಹೆಸರಿನ ಮೇಲೆ ಒಂದು ಕ್ಷಣ ಕಣ್ಣು ನಿಲ್ಲಲಿ. ಅದು ಒಮ್ಮೆ ಓದು ಬಿಟ್ಟು ಪುರಸಭೆಯಲ್ಲಿ ಗುಮಾಸ್ತನಾಗಿದ್ದ ಹುಡುಗನ ಹೆಸರು.